ಕಾಲೇಜು ಹತ್ತಿರದ ನೂಡಲ್ಸ್ ಅಂಗಡಿ: ಒಬ್ಬಳು ಪಕ್ಕಾ ವೆಜ್, ಒಬ್ಬಳಿಗೆ ಹಲಾಲ್ ಬೇಕು, ಒಬ್ಬನಿಗೆ ಸಿಗಡಿ ಆಗುವುದಿಲ್ಲ. ಹೋಗಬಹುದಾ?

ಪೆರ್ಲದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನಲ್ಲಿ ಎಂ.ಎ. ಓದುತ್ತಿದ್ದೇನೆ, ದಿನಾ ಪೆರ್ಲದಿಂದ ಬಸ್ಸಿನಲ್ಲಿ ಓಡಾಟ. ನಮ್ಮ ಕಾಲೇಜಿನಿಂದ ನಡೆದು ಹೋಗುವಷ್ಟು ಹತ್ತಿರ ಒಂದು ಸಣ್ಣ ಚೈನೀಸ್ ಅಂಗಡಿ ಇದೆ. ನಾಲ್ಕೈದು ಮೇಜು, ಪ್ಲಾಸ್ಟಿಕ್ ಕುರ್ಚಿ, ಗೋಡೆಯಲ್ಲಿ ಡ್ರ್ಯಾಗನ್ ಚಿತ್ರ, ಮೆನು ಪೂರ್ತಿ ಮಲಯಾಳದಲ್ಲಿ. ಮಧ್ಯಾಹ್ನ ಒಂದು ಗಂಟೆಗೆ ಹೋದರೆ ನಿಲ್ಲಲೂ ಜಾಗ ಇರುವುದಿಲ್ಲ.

ನಮ್ಮ ಕ್ಲಾಸಿನ ಒಬ್ಬನಿಗೆ ಜೆಆರ್‌ಎಫ್ (ಸಂಶೋಧನೆ ಮಾಡಲು ಕೊಡುವ ಫೆಲೋಶಿಪ್) ಸಿಕ್ಕಿದೆ. ಟ್ರೀಟ್ ಕೊಡಲೇಬೇಕು ಅಂತ ಹಿಡಿದುಕೊಂಡಿದ್ದೇವೆ. ಅವನಿಗೆ ನೂಡಲ್ಸ್ ಅಂದರೆ ಪ್ರಾಣ, ಆದರೆ ಸಿಗಡಿ ತಿಂದರೆ ಮುಖ ಊದಿಕೊಳ್ಳುತ್ತದೆ. ಇನ್ನೊಬ್ಬಳು ಹಲಾಲ್ ಅಲ್ಲದ್ದು ಮುಟ್ಟುವುದಿಲ್ಲ. ನಾನು ಹವ್ಯಕರ ಮನೆಯವಳು, ನೀರುಳ್ಳಿ ಬೆಳ್ಳುಳ್ಳಿ ಎಲ್ಲ ಆಗುತ್ತದೆ, ಮೊಟ್ಟೆ ಮಾತ್ರ ಆಗುವುದಿಲ್ಲ. ಹೋದ ತಿಂಗಳು ನಮ್ಮ ಸೀನಿಯರ್ ಒಬ್ಬರಿಗೆ ಅಲ್ಲೇ ವೆಜ್ ನೂಡಲ್ಸಿನಲ್ಲಿ ಮೊಟ್ಟೆಯ ಚೂರು ಸಿಕ್ಕಿತ್ತು. ಕೇಳಿದ್ದಕ್ಕೆ ‘ಚಿಕನ್ ಅಲ್ಲವಲ್ಲ, ಮೊಟ್ಟೆ ತಾನೆ’ ಅಂದರಂತೆ!

ಒಂದೇ ಬಾಣಲೆಯಲ್ಲಿ ಎಲ್ಲ ಮಾಡುತ್ತಾರಾ? ಆ ನೂಡಲ್ಸಿನಲ್ಲೇ ಮೊಟ್ಟೆ ಇರುತ್ತದಾ? ಅಜಿನೊಮೊಟೊ ಬಗ್ಗೆ ಅಮ್ಮ ದಿನಾ ಹೆದರಿಸುತ್ತಾರೆ, ಅದು ನಿಜವಾ? ಬೇರೆ ಕಡೆ ಹೋಗಿ ಅನ್ನಬೇಡಿ, ಮಸಾಲೆ ದೋಸೆ ತಿಂದು ತಿಂದು ಸಾಕಾಗಿದೆ.

---

ಬಾಣಲೆ_ಭಟ್ಟ

ತಂಗಿ, ಮಂಗಳೂರಿನಲ್ಲಿ ಕೆಲವು ವರ್ಷ ಇಂಥದ್ದೇ ಅಡುಗೆಮನೆಯಲ್ಲಿ ನಿಂತವನು ನಾನು. ಈಗ ಊರಲ್ಲಿ ಅಡುಗೆ ಕಂಟ್ರಾಕ್ಟ್. ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಹೋಗುವುದು ಬಿಡುವುದು ನಿಮ್ಮಿಷ್ಟ.

ಬೆಳಿಗ್ಗೆ ಹತ್ತು ಗಂಟೆಗೆ ನೂಡಲ್ಸ್ ಬೇಯಿಸಿ, ತಣ್ಣೀರಲ್ಲಿ ತೊಳೆದು, ಎಣ್ಣೆ ಸವರಿ ದೊಡ್ಡ ಟ್ರೇಯಲ್ಲಿ ಹರಡುತ್ತಾರೆ. ಕ್ಯಾಬೇಜು, ಕ್ಯಾರೆಟ್, ಕ್ಯಾಪ್ಸಿಕಂ ಹೆಚ್ಚಿ ಇಟ್ಟಿರುತ್ತಾರೆ. ಆರ್ಡರ್ ಬಂದ ಮೇಲೆ ಕೆಲಸ ಅಂದರೆ ಎರಡು ಮೂರು ನಿಮಿಷದ್ದು, ಅಷ್ಟೇ. ಒಲೆಯ ಪಕ್ಕ ಸಾಲಾಗಿ ಬಟ್ಟಲು ಇರುತ್ತವೆ: ಉಪ್ಪು, ಅಜಿನೊಮೊಟೊ, ಕಾಳುಮೆಣಸಿನ ಪುಡಿ, ಸೋಯಾ ಸಾಸ್, ವಿನೆಗರ್, ಚಿಲ್ಲಿ ಸಾಸ್. ಕುಕ್ಕಿನ ಕೈಯಲ್ಲಿ ಉದ್ದ ಹಿಡಿಯ ಒಂದೇ ಸೌಟು. ಅದರ ಮೂಲೆಯಿಂದ ಉಪ್ಪು ತೆಗೆಯುತ್ತಾನೆ, ಅದರಲ್ಲೇ ಸಾಸ್ ಎತ್ತುತ್ತಾನೆ, ಅದರಲ್ಲೇ ಬಾಣಲೆ ಮಗುಚುತ್ತಾನೆ.

ಈಗ ನೋಡಿ, ಎಲ್ಲರೂ ಬಾಣಲೆ ಬೇರೆ ಇದೆಯಾ ಅಂತ ಕೇಳುತ್ತಾರೆ. ಇದ್ದರೂ ಏನು ಬಂತು? ಚಿಕನ್ ಮಗುಚಿದ ಸೌಟು ಸೋಯಾ ಸಾಸಿನ ಬಟ್ಟಲಿಗೆ ಮುಳುಗುತ್ತದೆ, ಆ ಸಾಸ್ ನಿಮ್ಮ ವೆಜ್ ನೂಡಲ್ಸಿಗೆ ಬೀಳುತ್ತದೆ. ಬಾಣಲೆಗಿಂತ ಸೌಟಿನ ಬಗ್ಗೆ ಜಾಸ್ತಿ ಕೇಳಬೇಕು. ಇನ್ನು ಬಾಣಲೆ ತೊಳೆಯುವುದು ಅಂದರೆ ಒಲೆಯ ಮೇಲೇ ಒಂದು ನಲ್ಲಿ ಇರುತ್ತದೆ, ಅರ್ಧ ಸೌಟು ನೀರು ಬಿಟ್ಟು ಬ್ರಶ್ಶಿನಿಂದ ಒಂದು ಸುತ್ತು ಉಜ್ಜಿ ಚೆಲ್ಲುತ್ತಾರೆ. ಸೋಪು ಹಾಕುವುದಿಲ್ಲ, ಹಾಕಿದರೆ ಕಬ್ಬಿಣದ ಬಾಣಲೆಯ ಎಣ್ಣೆ ಪಸೆ ಹೋಗಿ ಮುಂದಿನ ಪ್ಲೇಟು ತಳ ಹಿಡಿಯುತ್ತದೆ. ಗೋಬಿ ಕರಿಯುವ ಎಣ್ಣೆ, ಚಿಕನ್ ಲಾಲಿಪಾಪ್ ಕರಿಯುವ ಎಣ್ಣೆ ಎರಡೂ ಒಂದೇ ಅಂತ ಕಣ್ಣು ಮುಚ್ಚಿ ಅಂದುಕೊಳ್ಳಿ.

ನೂಡಲ್ಸಿನಲ್ಲಿ ಮೊಟ್ಟೆ ಇದೆಯಾ ಅಂದರೆ, ಹಕ್ಕಾ ನೂಡಲ್ಸ್ ಅಂತ ಬರುವ ಒಣ ಪ್ಯಾಕೆಟ್ಟು ಸಾಮಾನ್ಯವಾಗಿ ಬರೀ ಮೈದಾ. ಎಗ್ ನೂಡಲ್ಸ್ ಬೇರೆಯೇ ಬರುತ್ತದೆ. ಪ್ಯಾಕೆಟ್ ತೋರಿಸಿ ಅನ್ನಿ, ನಾಚಿಕೆ ಏಕೆ? ಹಸಿರು ಚುಕ್ಕೆ ಇದ್ದರೆ ವೆಜ್, ಕಂದು ತ್ರಿಕೋನ ಇದ್ದರೆ ನಿಮಗಲ್ಲ. ಸೂಪ್ ಮಾತ್ರ ಬೇಡವೇ ಬೇಡ. ‘ವೆಜ್ ಮಂಚೋ’ ಅಂತ ಬರೆದಿದ್ದರೂ ಕೆಲವು ಕಡೆ ಚಿಕನ್ ಪೌಡರ್ ಉದುರಿಸುತ್ತಾರೆ, ರುಚಿ ಬರಲಿ ಅಂತ.

ಇನ್ನೊಂದು ವಿಷಯ. ಕ್ಯಾಶಿನಲ್ಲಿ ಕೂತವರು ಮಲಯಾಳ ಮಾತಾಡುತ್ತಾರೆ, ಒಳಗೆ ಕುಕ್ ನೇಪಾಳದವನೋ ಅಸ್ಸಾಮಿನವನೋ ಇರುತ್ತಾನೆ. ಕ್ಯಾಶಿಗೆ ಹೇಳಿದ್ದು ಒಳಗೆ ಹೋಗುವಷ್ಟರಲ್ಲಿ ಅರ್ಧ ಉದುರಿರುತ್ತದೆ. ನೀವೇ ಅಡುಗೆಮನೆಯ ಕಿಟಕಿ ಹತ್ತಿರ ಹೋಗಿ ಹಿಂದಿಯಲ್ಲಿ ಹೇಳಿ: ಮೊಟ್ಟೆಯೂ ಬೇಡ, ಬಾಣಲೆ ತೊಳೆದು ಮಾಡಿ, ಸೌಟು ಬೇರೆ ತಗೊಳ್ಳಿ, ಸಾಸ್ ಬಾಟಲಿಯಿಂದ ನೇರ ಹಾಕಿ ಅಂತ. ಒಂದು ಗಂಟೆಯ ರಶ್ಶಿನಲ್ಲಿ ಹೇಳಿದರೆ ಬೈಗುಳ ಸಿಗುತ್ತದೆ. ಹನ್ನೆರಡಕ್ಕೆ ಮೊದಲು ಹೋಗಿ, ದಿನದ ಮೊದಲ ಪ್ಲೇಟ್ ನಿಮ್ಮದಾಗಲಿ. ಆಗ ಎಲ್ಲ ಪಾತ್ರೆಯೂ ತೊಳೆದದ್ದೇ ಇರುತ್ತದೆ.

---

ತಲಪಾಡಿ_ದಾಟಿದವನು

ಗೋಬಿ ಆರ್ಡರ್ ಮಾಡುವುದಾದರೆ ಕೆಂಪಗೆ ಹೊಳೆಯುತ್ತಿದ್ದರೆ ಅಲ್ಲೇ ಬಿಟ್ಟು ಬನ್ನಿ. 2024ರ ಮಾರ್ಚಿನಲ್ಲಿ ಕರ್ನಾಟಕದಲ್ಲಿ ಗೋಬಿ ಮಂಚೂರಿಯ 171 ಸ್ಯಾಂಪಲ್ ಪರೀಕ್ಷೆ ಮಾಡಿದಾಗ 107ರಲ್ಲಿ ಹಾಕಬಾರದ ಕೃತಕ ಬಣ್ಣ ಸಿಕ್ಕಿತ್ತು. ಆಮೇಲೆ ಅಲ್ಲಿ ಗೋಬಿಗೆ ಬಣ್ಣ ಹಾಕುವುದನ್ನೇ ನಿಷೇಧ ಮಾಡಿದರು. ಗೋಬಿ ನಿಷೇಧ ಅಂತ ವಾಟ್ಸಾಪಿನಲ್ಲಿ ಸುಮ್ನೆ ಹಬ್ಬಿಸಿದ್ದು, ನಿಷೇಧ ಆದದ್ದು ಬಣ್ಣ. ಆ ಆದೇಶ ಕೇರಳ ಗಡಿಯ ತಲಪಾಡಿ ಗೇಟಿನವರೆಗೆ ಮಾತ್ರ, ನಿಜ. ಆದರೆ ಗೇಟು ದಾಟಿದರೆ ಹೊಟ್ಟೆ ಬದಲಾಗುವುದಿಲ್ಲವಲ್ಲ ಮಾರಾಯ್ರೆ.

ಬಣ್ಣ ಹಾಕದೆಯೂ ಗೋಬಿ ಚೆನ್ನಾಗಿ ಬರುತ್ತದೆ, ಸ್ವಲ್ಪ ಕಾಶ್ಮೀರಿ ಮೆಣಸಿನ ಪುಡಿ ಸಾಕು. ‘ಕಲರ್ ಬೇಡ’ ಅಂತ ಹೇಳಿದರೆ ಮಾಡಿ ಕೊಡುತ್ತಾರೆ. ಕೊಡದಿದ್ದರೆ ಹಿಟ್ಟಿನಲ್ಲೇ ಬಣ್ಣ ಕಲಸಿಟ್ಟಿದ್ದಾರೆ ಅಂತ ಅರ್ಥ.

---

ಉಪ್ಪಳದ_ಅಕ್ಕ

ಪೆರ್ಲದ ತಂಗಿ, ಹಲಾಲ್ ವಿಷಯ ನಾನು ಹೇಳುತ್ತೇನೆ. ಕಾಸರಗೋಡಿನಲ್ಲಿ ಕೋಳಿಗೆ ಅಷ್ಟು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಹೆಚ್ಚಿನ ಹೋಟೆಲಿನವರು ಹತ್ತಿರದ ಕೋಳಿ ಅಂಗಡಿಯಿಂದಲೇ ತರುತ್ತಾರೆ. ಯಾವ ಅಂಗಡಿ ಅಂತ ಕೇಳಿದರೆ ಸಾಕು. ಫ್ರೋಝನ್ ತರುವವರಾದರೆ ಪ್ಯಾಕೆಟ್ಟಿನಲ್ಲಿ ಹಲಾಲ್ ಗುರುತು ನೋಡಿ. ನಿಮ್ಮ ಗೆಳತಿಗೆ ಇದೆಲ್ಲ ಗೊತ್ತಿರುತ್ತದೆ, ಸುಮ್ನೆ ಅವಳನ್ನೇ ಕೇಳಲು ಬಿಡಿ.

ಕೋಳಿಗಿಂತ ನಾನು ನೋಡುವುದು ಅಡುಗೆಗೆ ಹಾಕುವ ವೈನ್. ಚೀನಾದ ಅಡುಗೆಯಲ್ಲಿ ಶಾವೊಶಿಂಗ್ ಅಂತ ಅಕ್ಕಿಯಿಂದ ಮಾಡಿದ ವೈನ್ ಹಾಕುತ್ತಾರೆ. ದೊಡ್ಡ ಊರಿನ ದೊಡ್ಡ ಹೋಟೆಲಿನಲ್ಲಿ ಕೇಳಲೇಬೇಕು. ನಮ್ಮ ಕಾಲೇಜು ಗೇಟಿನ ಅಂಗಡಿಯವರು ಪ್ಲೇಟಿಗೆ ನೂರು ನೂರಿಪ್ಪತ್ತು ತಗೊಂಡು ವೈನ್ ಹಾಕುತ್ತಾರಾ? ವಿನೆಗರ್ ಹಾಕಿದರೇ ಹೆಚ್ಚು! ಆದರೂ ಒಂದು ಮಾತು ಕೇಳಿದರೆ ಮನಸ್ಸಿಗೆ ಸಮಾಧಾನ.

ನಮ್ಮ ಹಳೆಯ ಗುಂಪಿನಲ್ಲೂ ಹೀಗೇ ಇತ್ತು. ಒಬ್ಬಳು ನಿಮ್ಮ ಹಾಗೆ ಮೊಟ್ಟೆ ಮುಟ್ಟದವಳು. ಅವಳ ಪ್ಲೇಟ್ ಮೊದಲು ಮಾಡಿಸುತ್ತಿದ್ದೆವು, ಅದು ಮೇಜಿಗೆ ಬಂದ ಮೇಲೆಯೇ ಉಳಿದ ಆರ್ಡರ್ ಹೇಳುತ್ತಿದ್ದೆವು. ಅವಳು ತಿನ್ನಲು ಶುರು ಮಾಡುತ್ತಿದ್ದಳು, ನಾವು ಅವಳ ಮುಖ ನೋಡುತ್ತಾ ಕೂರುತ್ತಿದ್ದೆವು. ಮತ್ತೆ ಚಮಚ ಅದಲು ಬದಲು ಮಾಡಬೇಡಿ, ಹುಡುಗರು ‘ಒಂದು ರುಚಿ ನೋಡುತ್ತೇನೆ’ ಅಂತ ಚಿಕನ್ ಅದ್ದಿದ ಫೋರ್ಕನ್ನೇ ತಂದು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು.

ಶುಕ್ರವಾರ ಹೋಗಬೇಡಿ. ಜುಮಾ ಹೊತ್ತಿಗೆ ತುಂಬ ಅಂಗಡಿ ಮುಚ್ಚಿರುತ್ತವೆ, ತೆಗೆದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ.

---

ಚೀನಾ_ರಿಟರ್ನ್

ಬದಿಯಡ್ಕದವನು ನಾನು, ಎಂಬಿಬಿಎಸ್ ಓದಿದ್ದು ಚೀನಾದಲ್ಲಿ. ನಮ್ಮ ಕ್ಯಾಂಪಸ್ ಗೇಟಿನ ಎದುರೇ ಲಾಂಝೌ ನೂಡಲ್ಸ್ ಅಂಗಡಿ. ಲಾಂಝೌ ಅಂದರೆ ವಾಯವ್ಯ ಚೀನಾದ ಗಾನ್ಸು ಪ್ರಾಂತ್ಯದ ರಾಜಧಾನಿ, ಆದರೆ ಆ ಹೆಸರಿನ ಸಣ್ಣ ಅಂಗಡಿಗಳು ದೇಶದ ಎಲ್ಲ ಊರಿನಲ್ಲೂ ಇವೆ, ಕಾಲೇಜು ಇದ್ದಲ್ಲಂತೂ ಇದ್ದೇ ಇರುತ್ತವೆ. ನಡೆಸುವವರು ಹೆಚ್ಚಾಗಿ ಹುಯಿ ಮುಸ್ಲಿಮರು. ಹಾಗಾಗಿ ನಮ್ಮ ಕಾಸರಗೋಡಿನ ಹುಡುಗರಿಗೆ ಅದು ಮನೆಯೇ ಆಗಿತ್ತು. ಬೋರ್ಡಿನಲ್ಲಿ ಹಲಾಲ್ ಗುರುತು, ಒಳಗೆ ಹಂದಿ ಮಾಂಸ ಇಲ್ಲ, ಮದ್ಯ ಇಲ್ಲ.

ಅಲ್ಲಿ ಟ್ರೇಯಲ್ಲಿ ಬೇಯಿಸಿಟ್ಟ ನೂಡಲ್ಸ್ ಅಲ್ಲ. ಆರ್ಡರ್ ಕೊಟ್ಟ ಮೇಲೆ ಮುದ್ದೆ ಹಿಟ್ಟು ಕೈಗೆ ತಗೊಳ್ಳುತ್ತಾರೆ. ಎರಡೂ ತುದಿ ಹಿಡಿದು ಎಳೆದು, ಮಡಚಿ, ಮತ್ತೆ ಎಳೆದು, ಹಲಗೆಗೆ ಪಟ್ ಅಂತ ಬಡಿದು, ಮತ್ತೆ ಮಡಚುತ್ತಾರೆ. ಪ್ರತಿ ಸಲ ಎಳೆಗಳು ಇಮ್ಮಡಿ ಆಗುತ್ತವೆ. ಏಳು ಸಲಕ್ಕೆ 128, ಎಂಟು ಸಲಕ್ಕೆ 256. ತುಂಡಾಗದೆ ಇರಲಿ ಅಂತ ಹಿಟ್ಟಿಗೆ ಕ್ಷಾರ ಸೇರಿಸುತ್ತಾರೆ, ಹಿಂದೆ ಒಂದು ಗಿಡ ಸುಟ್ಟ ಬೂದಿ ಹಾಕುತ್ತಿದ್ದರು. ಆ ಸ್ವಲ್ಪ ಹಳದಿ ಬಣ್ಣ ಅದರಿಂದ ಬರುವುದು, ಮೊಟ್ಟೆಯಿಂದಲ್ಲ. ಎಷ್ಟು ದಪ್ಪ ಬೇಕು ಅಂತ ಕೇಳುತ್ತಾರೆ. ಕೂದಲೆಳೆಯಷ್ಟು ಸಪುರವೂ ಇದೆ, ಬೆಲ್ಟಿನಷ್ಟು ಅಗಲದ್ದೂ ಇದೆ. ಸಪುರದ್ದು ಬಟ್ಟಲಿಗೆ ಬಿದ್ದ ಕೂಡಲೇ ತಿನ್ನಬೇಕು, ಫೋಟೋ ತೆಗೆಯುತ್ತಾ ಕೂತರೆ ನೀರು ಕುಡಿದು ಮುದ್ದೆ ಆಗುತ್ತದೆ. ತಿಳಿಯಾದ ಸಾರು, ಬಿಳಿ ಮೂಲಂಗಿ, ಕೆಂಪು ಮೆಣಸಿನೆಣ್ಣೆ, ಹಸಿರು ಕೊತ್ತಂಬರಿ. ಚಳಿಯಲ್ಲಿ ಅದರ ಹಬೆ ಮುಖಕ್ಕೆ ಹೊಡೆದರೆ, ಬೇರೆ ಏನೂ ಬೇಡ.

ವೆಜ್‌ನವರ ಗತಿ ಮಾತ್ರ ಕಷ್ಟ. ನಮ್ಮ ಬ್ಯಾಚಿನ ಒಬ್ಬ ಬ್ರಾಹ್ಮಣ ಹುಡುಗ ‘ಮಾಂಸ ಬೇಡ’ ಅಂತ ಕಲಿತ ಚೈನೀಸಿನಲ್ಲಿ ಹೇಳಿದ. ಅವರು ಪ್ರೀತಿಯಿಂದ ಮೇಲಿದ್ದ ತುಂಡು ತೆಗೆದು ಕೊಟ್ಟರು. ಸಾರು ದನದ ಎಲುಬಿನದ್ದು! ಅಲ್ಲಿನ ಬೌದ್ಧ ದೇವಸ್ಥಾನಗಳ ಹತ್ತಿರ ಶುದ್ಧ ಸಸ್ಯಾಹಾರಿ ಹೋಟೆಲು ಸಿಗುತ್ತವೆ, ಅಲ್ಲಿ ನೀರುಳ್ಳಿ ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ, ನಮ್ಮ ಅಜ್ಜಿಯಂದಿರಿಗೆ ಹೇಳಿ ಮಾಡಿಸಿದ ಜಾಗ. ಆದರೆ ಕ್ಯಾಂಪಸ್ ಗೇಟಿನಲ್ಲಿ ಅಂಥದ್ದು ಎಲ್ಲಿ? ಅವನು ಕೊನೆಗೆ ರೂಮಿನಲ್ಲಿ ಕುಕ್ಕರ್ ಇಟ್ಟ.

ಗೋಬಿ ಮಂಚೂರಿ ಅಲ್ಲಿ ಯಾರಿಗೂ ಗೊತ್ತಿಲ್ಲ. ಮಂಚೂರಿ ಶೈಲಿ ಹುಟ್ಟಿದ್ದು ಮುಂಬೈಯಲ್ಲಿ, 1975ರಲ್ಲಿ ಕೋಲ್ಕತ್ತಾ ಮೂಲದ ನೆಲ್ಸನ್ ವಾಂಗ್ ಮೊದಲು ಚಿಕನ್ನಿನಲ್ಲಿ ಮಾಡಿದರು ಅನ್ನುತ್ತಾರೆ. ಹಕ್ಕಾ ನೂಡಲ್ಸ್ ಕೂಡ ಕೋಲ್ಕತ್ತಾದ ಟ್ಯಾಂಗ್ರಾ ಕಡೆಯದ್ದು, ಚರ್ಮ ಹದ ಮಾಡುವ ಕೆಲಸಕ್ಕೆ ನೆಲೆ ನಿಂತ ಹಕ್ಕಾ ಚೀನೀಯರ ಕೈರುಚಿ. ಆದ್ದರಿಂದ ಪೆರ್ಲದ ಹುಡುಗಿ, ‘ಅಸಲಿ ಚೈನೀಸ್ ಅಲ್ಲ’ ಅಂತ ಯಾರಾದರೂ ಮೂಗು ಮುರಿದರೆ ಕೇಳಿಸಿಕೊಳ್ಳಬೇಡಿ. ನಿಮಗೆ ಅಸಲಿ ಅಲ್ಲದ್ದೇ ಒಳ್ಳೆಯದು, ವೆಜ್ ಸಿಗುವುದು ಅದರಲ್ಲೇ.

---

ಲ್ಯಾಬ್_ಮಾಣಿ

ಫುಡ್ ಮೈಕ್ರೋಬಯಾಲಜಿ ಓದಿದವನು ಬಂದಿದ್ದೇನೆ, ಬೋರ್ ಆದರೆ ಕ್ಷಮೆ ಇರಲಿ.

ಮೊದಲು ಅಮ್ಮನ ಅಜಿನೊಮೊಟೊ. ಅದು ಕಂಪನಿಯ ಹೆಸರು, ವಸ್ತು ಮೋನೋಸೋಡಿಯಂ ಗ್ಲುಟಮೇಟ್. 1908ರಲ್ಲಿ ಟೋಕಿಯೋದ ಕಿಕುನೇ ಇಕೆಡಾ ಎಂಬ ವಿಜ್ಞಾನಿ ಕಡಲಪಾಚಿಯ ಸಾರಿನಿಂದ ಬೇರ್ಪಡಿಸಿದ್ದು. ಟೊಮೆಟೊದಲ್ಲೂ ಗ್ಲುಟಮೇಟ್ ಇದೆ, ತಾಯಿಯ ಹಾಲಿನಲ್ಲೂ ಇದೆ. 1968ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಒಬ್ಬ ಡಾಕ್ಟರು ‘ಚೈನೀಸ್ ಹೋಟೆಲಿನಲ್ಲಿ ತಿಂದರೆ ಕುತ್ತಿಗೆ ಜೋಮು ಹಿಡಿಯುತ್ತದೆ’ ಅಂತ ಪತ್ರ ಬರೆದರು, ಅಲ್ಲಿಂದ ಹೆದರಿಕೆ ಶುರು. ಯಾರಿಗೆ ಯಾವುದು ಕೊಟ್ಟಿದ್ದೇವೆ ಅಂತ ಮುಚ್ಚಿಟ್ಟು ಪರೀಕ್ಷೆ ಮಾಡಿದಾಗ ಊಟದ ಜೊತೆ ಹಾಕುವಷ್ಟು ಪ್ರಮಾಣದಲ್ಲಿ ಅಂಥ ತೊಂದರೆ ಸ್ಥಿರವಾಗಿ ಕಾಣಲಿಲ್ಲ. ಒಂದು ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ ನಮ್ಮ ನಿಯಮ ಇದೆ, ನೀವು ಎಂ.ಎ. ಓದುತ್ತಿದ್ದೀರಿ. ಸೋಡಿಯಂ ಲೆಕ್ಕ ನೋಡಿದರೆ ಉಪ್ಪಿನಲ್ಲಿ ಸುಮಾರು ಶೇ. 39, ಅಜಿನೊಮೊಟೊದಲ್ಲಿ ಶೇ. 12. ಬಾಯಾರಿಕೆ ಆಗುವುದು ಉಪ್ಪು ಮತ್ತು ಸೋಯಾ ಸಾಸಿನಿಂದ.

ನಾನು ಹೆದರುವುದು ಭಟ್ಟಣ್ಣ ಹೇಳಿದ ಆ ಟ್ರೇಗೆ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ, ಅದರ ಬೀಜಕ ಕುದಿಯುವ ನೀರಿಗೆ ಸಾಯುವುದಿಲ್ಲ. ಬೇಯಿಸಿದ ಅನ್ನ, ನೂಡಲ್ಸ್ ಹೊರಗೆ ಸೆಕೆಯಲ್ಲಿ ಗಂಟೆಗಟ್ಟಲೆ ಇದ್ದರೆ ಮೊಳೆತು ವಿಷ ಬಿಡುತ್ತದೆ. ಆಮೇಲೆ ಬಾಣಲೆಗೆ ಹಾಕಿ ಎಷ್ಟೇ ಬೆಂಕಿ ಕೊಡಿ, ವಾಂತಿ ತರಿಸುವ ಆ ವಿಷ ಹೋಗುವುದಿಲ್ಲ. ಬೆಳಿಗ್ಗೆ ಹತ್ತಕ್ಕೆ ಬೇಯಿಸಿದ್ದನ್ನು ಹನ್ನೆರಡಕ್ಕೆ ತಿನ್ನುವುದಕ್ಕೂ ಸಂಜೆ ಏಳಕ್ಕೆ ತಿನ್ನುವುದಕ್ಕೂ ಅದೇ ವ್ಯತ್ಯಾಸ. ಟ್ರೇ ಫ್ರಿಜ್ಜಿನಲ್ಲಿದೆಯಾ, ಒಲೆ ಪಕ್ಕ ತೆರೆದಿದೆಯಾ ಅಂತ ಒಂದು ಕಣ್ಣು ಹಾಕಿ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ? 2022ರ ಮೇ ತಿಂಗಳಲ್ಲಿ ಚೆರುವತ್ತೂರಿನಲ್ಲಿ ಷವರ್ಮಾ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡಳು, ಇನ್ನೂ ತುಂಬ ಜನ ಆಸ್ಪತ್ರೆ ಸೇರಿದರು. ಅದು ಶಿಗೆಲ್ಲಾ, ಬೇರೆ ಬ್ಯಾಕ್ಟೀರಿಯಾ. ಮುಂದಿನ ವರ್ಷ ಜನವರಿಯಲ್ಲಿ ಕೇರಳ ಸರಕಾರ ಹಸಿ ಮೊಟ್ಟೆಯ ಮಯೋನೀಸ್ ನಿಷೇಧ ಮಾಡಿತು, ಕೆಲಸದವರಿಗೆ ಹೆಲ್ತ್ ಕಾರ್ಡ್ ಕಡ್ಡಾಯ ಮಾಡಿತು, ಪಾರ್ಸೆಲ್ ಮೇಲೆ ತಯಾರಿಸಿದ ಹೊತ್ತು ಮತ್ತು ಎಷ್ಟು ಹೊತ್ತಿನೊಳಗೆ ತಿನ್ನಬೇಕು ಅಂತ ಚೀಟಿ ಅಂಟಿಸಬೇಕು ಅಂದಿತು. ಚೀಟಿ ಇಲ್ಲದ ಪಾರ್ಸೆಲ್ ಹಿಡಿದುಕೊಂಡು ಪೆರ್ಲದ ಬಸ್ಸು ಹತ್ತಬೇಡಿ.

ಜೆಆರ್‌ಎಫ್ ಹುಡುಗನ ಸಿಗಡಿ ವಿಷಯಕ್ಕೆ ಬರುತ್ತೇನೆ, ಇದನ್ನು ಯಾರೂ ಸರಿಯಾಗಿ ಹೇಳಲಿಲ್ಲ. ನಿಮ್ಮ ವೆಜ್, ನಿಮ್ಮ ಗೆಳತಿಯ ಹಲಾಲ್ ತಪ್ಪಿದರೆ ಮನಸ್ಸಿಗೆ ನೋವು. ಅವನದ್ದು ತಪ್ಪಿದರೆ ಉಸಿರು ಕಟ್ಟಬಹುದು. ಮುಖ ಊದಿಕೊಂಡವನಿಗೆ ಮುಂದಿನ ಸಲ ಗಂಟಲು ಊದಿಕೊಳ್ಳುವುದಿಲ್ಲ ಅಂತ ಹೇಳಲು ಬರುವುದಿಲ್ಲ. ಬಾಣಲೆಗೆ ಬರೀ ನೀರು ಹಾಕಿ ಉಜ್ಜಿದರೆ ಸಾಲದು, ಸಿಗಡಿಯಲ್ಲಿ ಅಲರ್ಜಿ ತರುವ ಪ್ರೋಟೀನು ಬಿಸಿಗೂ ಹಾಳಾಗುವುದಿಲ್ಲ. ಆಯ್ಸ್ಟರ್ ಸಾಸ್ ಚಿಪ್ಪುಮೀನಿನದ್ದು, ಸಿಗಡಿಯ ಜಾತಿಯೇ ಬೇರೆ, ಆದರೂ ಕೆಲವರಿಗೆ ಎರಡೂ ಆಗುವುದಿಲ್ಲ. ಮೆನುವಿನಲ್ಲಿ ಪ್ರಾನ್ಸ್ ನೂಡಲ್ಸ್, ಮಿಕ್ಸೆಡ್ ನೂಡಲ್ಸ್ ಇದೆಯಾ ಮೊದಲು ನೋಡಿ. ಇದ್ದರೆ ನಿಮ್ಮ ಮೂರು ಜನರಲ್ಲಿ ಆ ಅಂಗಡಿ ಆಗದೆ ಇರುವುದು ಅವನಿಗೆ.

---

ಪೆರ್ಲದ_ಹುಡುಗಿ

ಅಯ್ಯೋ, ನಾನು ನನ್ನ ಮೊಟ್ಟೆ ಬಗ್ಗೆ ಕೇಳಲು ಬಂದದ್ದು, ಕೊನೆಗೆ ಅವನ ವಿಷಯವೇ ದೊಡ್ಡದಾಯಿತು. ಇವತ್ತು ಕ್ಲಾಸ್ ಮುಗಿಸಿ ಹೋಗಿ ಮೆನು ಓದಿಸಿಕೊಂಡೆ. ಪ್ರಾನ್ಸ್ ಇದೆ, ಮಿಕ್ಸೆಡ್ ಕೂಡ ಇದೆ. ಕಿಟಕಿಯಲ್ಲಿ ನೋಡಿದರೆ ಭಟ್ಟಣ್ಣ ಹೇಳಿದ ಹಾಗೇ ಸಾಲಾಗಿ ಬಟ್ಟಲು, ಒಂದೇ ಸೌಟು. ಟ್ರೇ ಒಲೆ ಪಕ್ಕವೇ, ಮೇಲೆ ಒಂದು ಒದ್ದೆ ಬಟ್ಟೆ.

ಅವನಿಗೆ ಇದನ್ನೆಲ್ಲ ಓದಿ ಹೇಳಿದೆ. ‘ನಾನು ಅಲ್ಲಿ ಎಷ್ಟೋ ಸಲ ತಿಂದಿದ್ದೇನೆ, ಏನೂ ಆಗಿಲ್ಲ’ ಅನ್ನುತ್ತಾನೆ. ಏನು ಮಾಡುವುದು?

---

ಲ್ಯಾಬ್_ಮಾಣಿ

ಏನೂ ಆಗದಿದ್ದದ್ದು ಅವನ ಅದೃಷ್ಟ. ಡಾಕ್ಟರಿಗೆ ತೋರಿಸಿ ಪರೀಕ್ಷೆ ಮಾಡಿಸಿಕೊಳ್ಳಲಿ, ಜೆಆರ್‌ಎಫ್ ದುಡ್ಡು ಬರುತ್ತದಲ್ಲ.

---

ಉಪ್ಪಳದ_ಅಕ್ಕ

ಅವನೊಟ್ಟಿಗೆ ವಾದ ಬೇಡ ತಂಗಿ. ಸಿಗಡಿಯೇ ಮಾಡದ ಅಂಗಡಿ ಹುಡುಕಿ, ಅಷ್ಟೇ. ನಿಮಗೆ ಬೇಕಾದ್ದೂ ಅದೇ ಅಲ್ವಾ? ಪೂರ್ತಿ ವೆಜ್ ಹೋಟೆಲುಗಳಲ್ಲಿ ಈಗ ಸಂಜೆ ಹೊತ್ತು ನೂಡಲ್ಸ್ ಕೌಂಟರ್ ಇಡುತ್ತಾರೆ, ಮೊಟ್ಟೆ ಇಲ್ಲ, ಕೋಳಿ ಇಲ್ಲ, ಮೀನು ಇಲ್ಲ. ಹಲಾಲ್ ಪ್ರಶ್ನೆಯೂ ಮುಗಿಯಿತು.

---

ಬಾಣಲೆ_ಭಟ್ಟ

ಅಕ್ಕ ಹೇಳಿದ್ದು ಸರಿ, ಆದರೆ ಅಂಥ ಕೌಂಟರಿನಲ್ಲಿ ನೂಡಲ್ಸ್ ಮೆತ್ತಗೆ ಮುದ್ದೆ ಇರುತ್ತದೆ, ದೋಸೆ ಒಲೆಗೆ ಆ ಬೆಂಕಿ ಬರುವುದಿಲ್ಲ. ಹುಡುಗರ ಬಾಯಿಗೆ ರುಚಿಸದು.

ಇದು ಮಾಡಿ ನೋಡಿ. ಯಾರದ್ದಾದರೂ ಮನೆಯಲ್ಲಿ ಸೇರಿ. ಹಕ್ಕಾ ನೂಡಲ್ಸ್ ಎರಡು ಪ್ಯಾಕೆಟ್ ತನ್ನಿ, ಸೋಯಾ ಸಾಸಿನ ಹೊಸ ಬಾಟಲಿ ತನ್ನಿ. ನೂಡಲ್ಸ್ ಮುಕ್ಕಾಲು ಬೆಂದಾಗ ಇಳಿಸಿ ತಣ್ಣೀರಿಗೆ ಹಾಕಿ, ಚೆನ್ನಾಗಿ ನೀರು ಬಸಿಯಿರಿ. ಕಬ್ಬಿಣದ ಬಾಣಲೆ ಹೊಗೆ ಬರುವಷ್ಟು ಕಾಯಿಸಿ, ಒಂದು ಸಲಕ್ಕೆ ಒಂದೇ ಪ್ಲೇಟ್ ಮಾಡಿ. ಮನೆಯ ಒಲೆಯಲ್ಲಿ ನಾಲ್ಕು ಪ್ಲೇಟ್ ಒಟ್ಟಿಗೆ ಹಾಕಿದರೆ ಬಾಣಲೆ ತಣಿದು ಎಲ್ಲ ಬೆವರುತ್ತದೆ, ಮುದ್ದೆ ಆಗುವುದು ಅದಕ್ಕೇ. ನಿಮ್ಮದು ಮೊದಲು, ಚಿಕನ್ ತಿನ್ನುವವರದ್ದು ಕೊನೆಗೆ. ಕೋಳಿ ನಿಮ್ಮ ಗೆಳತಿಯೇ ತರಲಿ.

---

ಪೆರ್ಲದ_ಹುಡುಗಿ

ಗೆಳತಿಯ ಮನೆ ವಿದ್ಯಾನಗರದಲ್ಲೇ, ಅವಳ ಉಮ್ಮ ‘ಬನ್ನಿ ಮಕ್ಕಳೇ’ ಅಂದಿದ್ದಾರೆ, ನನಗೆ ಹೊಸ ಬಾಣಲೆಯನ್ನೇ ತೆಗೆದಿಡುತ್ತಾರಂತೆ. ಗುರುವಾರ ಮಧ್ಯಾಹ್ನ ಅಂತ ಆಗಿದೆ. ಸಾಮಾನಿನ ಖರ್ಚು ಜೆಆರ್‌ಎಫ್‌ನವನದ್ದು. ಭಟ್ಟಣ್ಣ, ಐದು ಜನಕ್ಕೆ ಎರಡು ಪ್ಯಾಕೆಟ್ ಸಾಕಾ, ಮೂರು ತರಬೇಕಾ?

---

ಬಾಣಲೆ_ಭಟ್ಟ

ಪ್ಯಾಕೆಟ್ಟಿನ ತೂಕ ನೋಡಿ. ಒಬ್ಬರಿಗೆ ಒಣ ನೂಡಲ್ಸ್ ನೂರು ಗ್ರಾಂ ಹಿಡಿಯಿರಿ, ಹುಡುಗರಿಗೆ ನೂರೈವತ್ತು.